ಉಪ್ಪಿನಲ್ಲಿ ಕರಗಿದ ಲೋಹ

ಕೆಲ ವರ್ಷಗಳ ಹಿಂದಿನವರೆಗೆ ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಬ್ರೆಡಿಗ್ ಎಂಬ ಹೆಸರು ಒಮ್ಮೆಯಾದರೂ ಎದುರಾಗಿರುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಕಲಿಲಗಳ ಪಾಠ ಬಂದಾಗ ‘ಬ್ರೆಡಿಗ್‌ನ ಆರ್ಕ್ ವಿಧಾನ’ ಎಂದು ಒಂದು ಚಿತ್ರ, ಜೊತೆಗೆ ನಾಲ್ಕು ಸಾಲು ವಿವರಣೆ. ನೀರಿನಲ್ಲಿ ಮುಳುಗಿಸಿದ ಎರಡು ಲೋಹದ ತಂತಿಗಳು, ಅವುಗಳ ತುದಿಗಳ ನಡುವೆ ವಿದ್ಯುತ್ ಕಿಡಿ, ಸುತ್ತ ಮಂಜುಗಡ್ಡೆಯ ತೊಟ್ಟಿ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಪರೀಕ್ಷೆ ಮುಗಿದ ಮೇಲೆ ಬ್ರೆಡಿಗ್ ಯಾರು, ಎಲ್ಲಿಯವನು, ಅವನಿಗೆ ಏನಾಯಿತು ಎಂದು ಕೇಳುವವರು ಕಡಿಮೆ.

ಆ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಒಬ್ಬರಲ್ಲ, ಇಬ್ಬರು ಬ್ರೆಡಿಗ್‌ಗಳು ಸಿಗುತ್ತಾರೆ: ಅಪ್ಪ ಮತ್ತು ಮಗ. ಅಪ್ಪ ಲೋಹವನ್ನು ನೀರಿನಲ್ಲಿ ತೇಲಿಸಿದವನು. ಮಗ, ಲೋಹವು ಉಪ್ಪಿನಲ್ಲಿ ನಿಜವಾಗಿ ಕರಗುತ್ತದೆ ಎಂದು ಅಳೆದು ತೋರಿಸಿದವರಲ್ಲಿ ಮುಖ್ಯನು. ಇಬ್ಬರ ಕೆಲಸದ ನಡುವೆ ಅರ್ಧ ಶತಮಾನದ ಒಂದು ವಿವಾದವೂ, ಒಂದು ದೇಶಭ್ರಷ್ಟತೆಯೂ ಇವೆ.

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಬೆಣ್ಣೆಯೂ ಕರಗುತ್ತದೆ, ನೀರಿಗೆ ಹಾಕಿದ ಉಪ್ಪೂ ಕರಗುತ್ತದೆ. ಬೆಣ್ಣೆ ಕರಗಲು ಬಿಸಿ ಸಾಕು. ಉಪ್ಪು ಕರಗಲು ಇನ್ನೊಂದು ದ್ರವ ಬೇಕು. ಒಂದೇ ಕ್ರಿಯಾಪದ, ಎರಡು ಸಂಗತಿ. ಈ ಲೇಖನದಲ್ಲಿ ಎರಡೂ ಬರುತ್ತವೆ. ಆದ್ದರಿಂದ ಕಾಯಿಸಿ ದ್ರವವಾಗಿಸಿದ ಉಪ್ಪನ್ನು ‘ದ್ರವಲವಣ’ ಎನ್ನೋಣ. ಒಂದು ಇನ್ನೊಂದರಲ್ಲಿ ಲೀನವಾಗುವುದಕ್ಕೆ ಮಾತ್ರ ‘ಕರಗುವುದು’ ಎಂಬ ಪದವನ್ನು ಇಟ್ಟುಕೊಳ್ಳೋಣ. ಅಡುಗೆ ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನಂತೆ ತಿಳಿಯಾದ ದ್ರವವಾಗುತ್ತದೆ. ಅದರೊಳಗೆ ಒಂದು ಹನಿ ಸೋಡಿಯಂ ಲೋಹವನ್ನು ಬಿಟ್ಟರೆ ಏನಾಗುತ್ತದೆ ಎಂಬುದು ನಮ್ಮ ಪ್ರಶ್ನೆ.

ಹೈಡಲ್‌ಬರ್ಗ್‌ನ ನೀಲಿ

ಉಪ್ಪಿಗೆ ವಿದ್ಯುತ್ ಹಾಯಿಸಿ ಲೋಹ ಪಡೆಯುವ ವಿದ್ಯೆ 1807ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಹಂಫ್ರಿ ಡೇವಿ ತುಸು ತೇವದ ಪೊಟಾಷ್‌ಗೆ ವಿದ್ಯುತ್ ಹರಿಸಿ ಪೊಟ್ಯಾಸಿಯಂ ಪಡೆದ. ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ ಸಿಕ್ಕಿತು. ಲೋಹದ ಪುಟ್ಟ ಗುಂಡುಗಳು ಹೊತ್ತಿ ಉರಿದುದನ್ನು ಕಂಡು ಅವನು ಕೋಣೆಯೊಳಗೆ ಕುಣಿದಾಡಿದನೆಂದು ಅವನ ಸಂಬಂಧಿ ಎಡ್ಮಂಡ್ ಡೇವಿ ಹೇಳಿದ್ದಾನೆ. ಇಪ್ಪತ್ತೈದು ವರ್ಷಗಳ ನಂತರ ಡೇವಿಯ ಶಿಷ್ಯ ಫ್ಯಾರಡೆ ಸೀಸದ ಕ್ಲೋರೈಡ್‌ನಂಥ ಉಪ್ಪುಗಳು ಘನವಾಗಿದ್ದಾಗ ವಿದ್ಯುತ್ತನ್ನು ತಡೆದು, ದ್ರವವಾದೊಡನೆ ಹರಿಯಬಿಡುವುದನ್ನು ಕಂಡ. ಎಷ್ಟು ವಿದ್ಯುತ್ ಹರಿಯಿತೋ ಅದಕ್ಕೆ ಸರಿಯಾಗಿ ಅಷ್ಟೇ ಲೋಹ ಬಿಡುಗಡೆಯಾಗುತ್ತದೆ ಎಂಬ ಅವನ ನಿಯಮ ಇವತ್ತಿಗೂ ಪಾಠದಲ್ಲಿದೆ.

ಆದರೆ ಲೆಕ್ಕ ಎಲ್ಲ ಕಡೆ ಸರಿಹೋಗಲಿಲ್ಲ. 1860ರಲ್ಲಿ ಹೈಡಲ್‌ಬರ್ಗ್‌ನ ಬುನ್ಸೆನ್ ಮತ್ತು ಕಿರ್ಕಾಫ್, ಡ್ಯೂರ್ಕ್‌ಹೈಮ್ ಊರಿನ ಖನಿಜಜಲದಲ್ಲಿ ರೋಹಿತದರ್ಶಕದ ಮೂಲಕ ಎರಡು ನೀಲಿ ಗೆರೆಗಳನ್ನು ಕಂಡು ಸೀಸಿಯಂ ಎಂಬ ಹೊಸ ಧಾತುವನ್ನು ಗುರುತಿಸಿದರು. ಸುಮಾರು 44,000 ಲೀಟರ್ ನೀರನ್ನು ಬತ್ತಿಸಿ, ಶೋಧಿಸಿ, ಕೊನೆಗೆ ದಕ್ಕಿದ್ದು 7.3 ಗ್ರಾಂ ಸೀಸಿಯಂ ಕ್ಲೋರೈಡ್ ಮತ್ತು 9.2 ಗ್ರಾಂ ರುಬಿಡಿಯಂ ಕ್ಲೋರೈಡ್. ಇನ್ನು ಲೋಹವನ್ನೇ ನೋಡೋಣವೆಂದು ಆ ಉಪ್ಪನ್ನು ಕಾಯಿಸಿ ದ್ರವ ಮಾಡಿ ವಿದ್ಯುತ್ ಹರಿಸಿದರೆ ಬೆಳ್ಳಿಯ ಹೊಳಪಿನ ಲೋಹ ಬರಲಿಲ್ಲ. ಬಂದದ್ದು ಒಂದೇ ಸಮನಾದ ನೀಲಿ ಬಣ್ಣದ ವಸ್ತು. ಬರಿಗಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ಅದರಲ್ಲಿ ಲೋಹದ ಸುಳಿವು ಕಾಣಲಿಲ್ಲ. ಅದು ಕ್ಲೋರಿನ್ ಕಡಿಮೆಯಿರುವ ಒಂದು ‘ಉಪಕ್ಲೋರೈಡ್’ ಇರಬೇಕು ಎಂದು ಅವರು ಬರೆದಿಟ್ಟರು.

ಸೀಸಿಯಂ ಲೋಹ ಕೈಗೆ ಬಂದದ್ದು 1882ರಲ್ಲಿ. ಕಾರ್ಲ್ ಸೆಟ್ಟರ್‌ಬರ್ಗ್ ಕ್ಲೋರೈಡ್‌ನ ಹಾದಿ ಬಿಟ್ಟು ಸಯನೈಡ್ ಉಪ್ಪನ್ನು ಬಳಸಿ ಅದನ್ನು ಪಡೆದ. ಕ್ಲೋರೈಡಿನಲ್ಲಿ ಹುಟ್ಟುತ್ತಿದ್ದ ಲೋಹ ಎಲ್ಲಿ ಅಡಗುತ್ತಿತ್ತು? ಬುನ್ಸೆನ್ ಕಂಡ ನೀಲಿ ಏನು? ಪ್ರಶ್ನೆ ಹಾಗೇ ಉಳಿಯಿತು.

ಲೋಹದ ಮಂಜು

ಈ ಪ್ರಶ್ನೆಯನ್ನು ಜೀವನದ ಕೆಲಸವಾಗಿ ಹಿಡಿದವನು ರಿಚರ್ಡ್ ಲೊರೆಂಜ್. 1896ರಿಂದ 1910ರವರೆಗೆ ಅವನು ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯುದ್ರಸಾಯನದ ಪ್ರಾಧ್ಯಾಪಕ. ಸೀಸದ ಕ್ಲೋರೈಡನ್ನು ಕಾಯಿಸಿ ವಿದ್ಯುತ್ ಹರಿಸುವಾಗ ಅವನು ಕಂಡದ್ದು ಯಾರನ್ನಾದರೂ ಬೆರಗುಗೊಳಿಸುವ ನೋಟ. ತಳದಲ್ಲಿ ಸೀಸದ ಗುಂಡು, ಮೇಲೆ ತಿಳಿಯಾದ ದ್ರವ. ಬಿಸಿ ಏರಿದಂತೆ ಗುಂಡಿನಿಂದ ಕಪ್ಪು ಮೋಡಗಳು ಎದ್ದು ದ್ರವದ ತುಂಬ ಹರಡುತ್ತವೆ. ಬಿಸಿ ಇಳಿದರೆ ಮತ್ತೆ ಲೋಹವಾಗಿ ಬೀಳುತ್ತವೆ. ಅದಕ್ಕೆ ಅವನು ‘ಲೋಹದ ಮಂಜು’ ಎಂದು ಹೆಸರಿಟ್ಟ.

ಮಂಜು ನೋಡಲು ಚೆಂದ, ಲೆಕ್ಕಕ್ಕೆ ಕಂಟಕ. ಫ್ಯಾರಡೆಯ ನಿಯಮದಂತೆ 207 ಗ್ರಾಂ ಸೀಸ ಬರಬೇಕಾದರೆ ಸುಮಾರು 1,93,000 ಕೂಲಂ ವಿದ್ಯುತ್ ಬೇಕು. ಅಷ್ಟು ಹರಿಸಿದರೂ ತೂಕಕ್ಕೆ ಸಿಗುವ ಸೀಸ ಕಡಿಮೆ. ಹಾಗಾದರೆ ದ್ರವಲವಣಗಳಿಗೆ ಫ್ಯಾರಡೆಯ ನಿಯಮ ಅನ್ವಯಿಸುವುದಿಲ್ಲವೆ? ಲೊರೆಂಜ್ ಮತ್ತು ಅವನ ಸಂಗಡಿಗರು ತಾಳ್ಮೆಯಿಂದ ಇದನ್ನು ಬಿಡಿಸಿದರು. ಒಂದು ತುದಿಯಲ್ಲಿ ಹುಟ್ಟಿದ ಲೋಹ ಮಂಜಾಗಿ ಹರಡಿ ಇನ್ನೊಂದು ತುದಿಯ ಕ್ಲೋರಿನ್ನನ್ನು ತಲುಪುತ್ತದೆ, ಅದರೊಡನೆ ಸೇರಿ ಮತ್ತೆ ಉಪ್ಪಾಗುತ್ತದೆ. ಖರ್ಚು ಮಾಡಿದ ವಿದ್ಯುತ್ ಹೀಗೆ ಗಂಟೆಗಂಟೆಗೂ ಸೋರಿಹೋಗುತ್ತದೆ. ಎರಡು ತುದಿಗಳನ್ನು ಗೋಡೆ ಹಾಕಿ ಬೇರ್ಪಡಿಸಿದರೆ, ದ್ರವಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಮಂಜನ್ನು ತಗ್ಗಿಸಿದರೆ, ಲೆಕ್ಕ ಫ್ಯಾರಡೆ ಹೇಳಿದ ಅಂಕಿಗೆ ಹತ್ತಿರ ಬರುತ್ತದೆ. ನಿಯಮ ಗಟ್ಟಿಯಾಗಿಯೇ ಇತ್ತು.

ಉಳಿದದ್ದು ಮಂಜಿನ ಸ್ವರೂಪ. ಲೊರೆಂಜ್ ಅದು ಕಲಿಲವೆಂದ. ಎಂದರೆ ಹಾಲಿನಲ್ಲಿ ಕೊಬ್ಬಿನ ಕಣ ತೇಲುವಂತೆ ದ್ರವಲವಣದಲ್ಲಿ ಲೋಹದ ಅತಿ ಸಣ್ಣ ಕಣಗಳು ತೇಲುತ್ತಿವೆ. ಒಂದೊಂದು ಕಣದಲ್ಲೂ ಸಾವಿರಾರು ಪರಮಾಣುಗಳಿವೆ. ಇದು ಕರಗುವುದಲ್ಲ, ಕದಡುವುದು. ಇಂಥ ಮಿಶ್ರಣಗಳಿಗೆ ಅವನು ‘ಪೈರೊಸಾಲ್’ ಎಂದು ಹೆಸರು ಕೊಟ್ಟು, 1926ರಲ್ಲಿ ಐಟೆಲ್ ಜೊತೆ ಆ ಬಗ್ಗೆ ಒಂದು ಪುಸ್ತಕವನ್ನೇ ತಂದ.

ಅವನು ಹಾಗೆ ಯೋಚಿಸಿದ್ದು ಸಹಜ. ಅದು ಕಲಿಲಗಳ ಕಾಲ. ಆ ಕಾಲಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬ ಗೆಯೋರ್ಗ್ ಬ್ರೆಡಿಗ್, ನಮ್ಮ ಪಠ್ಯಪುಸ್ತಕದ ಬ್ರೆಡಿಗ್.

ಅಪ್ಪ

ಗೆಯೋರ್ಗ್ ಬ್ರೆಡಿಗ್ ಹುಟ್ಟಿದ್ದು 1868ರಲ್ಲಿ, ಸಿಲೇಸಿಯಾದ ಗ್ಲೊಗೌ ಎಂಬ ಊರಿನ ಯಹೂದಿ ಮನೆತನದಲ್ಲಿ. ಲೈಪ್‌ಜಿಗ್‌ನಲ್ಲಿ ಓಸ್ಟ್‌ವಾಲ್ಡ್‌ನ ಬಳಿ ಓದಿದ. ವಾಂಟ್ ಹಾಫ್, ಅರ್ಹೀನಿಯಸ್ ಮೊದಲಾದವರ ಪ್ರಯೋಗಾಲಯಗಳಲ್ಲಿ ಪಳಗಿದ. 1898ರಲ್ಲಿ ನೀರಿನೊಳಗೆ ಚಿನ್ನದ ಎರಡು ತಂತಿಗಳ ನಡುವೆ ಕಿಡಿ ಹಾರಿಸಿದಾಗ ನೀರು ಕೆಂಪೇರಿತು. ತಂತಿಯ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲತೊಡಗಿತ್ತು. ಹೀಗೆಯೇ ಮಾಡಿದ ಪ್ಲಾಟಿನಂ ಕಲಿಲ ಹೈಡ್ರೊಜನ್ ಪೆರಾಕ್ಸೈಡನ್ನು ಒಡೆಯುವುದನ್ನೂ, ವಿಷಗಳು ಜೀವಕೋಶದ ಕಿಣ್ವಗಳನ್ನು ಕುಗ್ಗಿಸುವಂತೆ ಈ ಲೋಹದ ಕಣಗಳನ್ನೂ ಕುಗ್ಗಿಸುವುದನ್ನೂ ಅವನು ತೋರಿಸಿದ. ಅವುಗಳನ್ನು ಅವನು ‘ನಿರವಯವ ಕಿಣ್ವ’ಗಳೆಂದು ಕರೆದ.

1901ರಲ್ಲಿ ಅವನು ಬುನ್ಸೆನ್‌ನ ಊರಾದ ಹೈಡಲ್‌ಬರ್ಗ್‌ಗೆ ಹೋದ. ಅಲ್ಲಿದ್ದ ದಿನಗಳಲ್ಲಿ ಹುಟ್ಟಿದ ಮಗನೇ ಮ್ಯಾಕ್ಸ್. 1910ರಲ್ಲಿ ಲೊರೆಂಜ್ ಜ್ಯೂರಿಕ್ ಬಿಟ್ಟು ಫ್ರಾಂಕ್‌ಫರ್ಟ್‌ಗೆ ತೆರಳಿದ. ಅದೇ ವರ್ಷ ಬ್ರೆಡಿಗ್ ಅದೇ ವಿದ್ಯಾಲಯಕ್ಕೆ ಬಂದ. ಮರುವರ್ಷ ಕಾರ್ಲ್ಸ್‌ರೂಹೆಯಲ್ಲಿ ಹಾಬರ್ ತೆರವು ಮಾಡಿದ ಭೌತರಸಾಯನದ ಪೀಠ ಅವನದಾಯಿತು. ಅಲ್ಲಿ ಅವನು ಇಪ್ಪತ್ತೆರಡು ವರ್ಷ ಕಲಿಸಿದ.

ಸಾಕ್ಷಿಗಳು

ಈ ನಡುವೆ ಲೊರೆಂಜ್‌ನ ಕಲಿಲವಾದಕ್ಕೆ ಎದುರು ಮಾತುಗಳು ಎದ್ದಿದ್ದವು. ಕರಗಿದೆಯೋ ತೇಲುತ್ತಿದೆಯೋ ಎಂದು ನಿರ್ಧರಿಸುವುದು ಹೇಗೆ? ನೋಡಿ ಹೇಳೋಣವೆಂದರೆ, ದ್ರವವನ್ನು ಆರಿಸಿದ ಮೇಲೆ ಕಾಣುವ ಲೋಹದ ಕಣಗಳು ಬಿಸಿಯಲ್ಲೂ ಇದ್ದವೋ, ಆರುವಾಗ ಹುಟ್ಟಿದವೋ ಎಂಬುದೇ ತಕರಾರು. ಬೇರೆ ಸಾಕ್ಷಿ ಬೇಕಿತ್ತು.

ಕುಲ್ಫಿ ಮಾರುವವನು ಮಂಜುಗಡ್ಡೆಗೆ ಉಪ್ಪು ಹಾಕುವುದನ್ನು ನಾವು ನೋಡಿದ್ದೇವೆ. ಉಪ್ಪು ಕರಗಿದ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಎಷ್ಟು ಇಳಿಯುತ್ತದೆ ಎಂಬುದು ಕರಗಿದ ಕಣಗಳ ಸಂಖ್ಯೆಯ ಮೇಲೆ ನಿಂತಿದೆ, ತೂಕದ ಮೇಲಲ್ಲ. ಸಾವಿರಾರು ಪರಮಾಣುಗಳ ಮುದ್ದೆಯೊಂದು ತೇಲಿದರೆ ಅದು ಎಣಿಕೆಗೆ ಒಂದೇ ಕಣ. ಆದ್ದರಿಂದ ಕಲಿಲವು ಹೆಪ್ಪುಗಟ್ಟುವ ಬಿಂದುವನ್ನು ಅಲುಗಿಸುವುದೇ ಇಲ್ಲ ಎನ್ನಬಹುದು. ಈ ಪರೀಕ್ಷೆಗೆ ಒಡ್ಡಿದಾಗ ಲೋಹ ಬೆರೆತ ದ್ರವಲವಣಗಳ ಹೆಪ್ಪುಬಿಂದು ಇಳಿಯಿತು, ಪರಮಾಣುಗಳೋ ಸಣ್ಣ ಅಯಾನುಗಳೋ ಬಿಡಿಬಿಡಿಯಾಗಿ ಬೆರೆತಿದ್ದರೆ ಎಷ್ಟು ಇಳಿಯಬೇಕೋ ಆ ಪ್ರಮಾಣದಲ್ಲಿ.

ಎರಡನೆಯ ಸಾಕ್ಷಿ ವಿದ್ಯುತ್ತಿನದು. 1909ರ ಸುಮಾರಿಗೆ ಆಟೆನ್ ಎಂಬ ರಸಾಯನಜ್ಞ ಲೋಹ ಬೆರೆತ ದ್ರವಲವಣಗಳ ವಿದ್ಯುತ್ ವಾಹಕತೆಯನ್ನು ಅಳೆದ. ಕ್ಯಾಡ್ಮಿಯಂ ಲೋಹ ಕ್ಯಾಡ್ಮಿಯಂ ಕ್ಲೋರೈಡಿನಲ್ಲಿ ಧಾರಾಳವಾಗಿ ಸೇರಿಕೊಳ್ಳುತ್ತದೆ, ಆದರೂ ವಾಹಕತೆ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಲೋಹವೆಂದರೆ ವಿದ್ಯುತ್ತಿಗೆ ತೆರೆದ ಬಾಗಿಲು. ಸೇರಿದ ಲೋಹ ಲೋಹವಾಗಿ ಉಳಿದಿಲ್ಲ, ಉಪ್ಪಿನೊಡನೆ ಸೇರಿ ಬೇರೊಂದು ರೂಪ ತಾಳಿದೆ ಎಂಬ ಸೂಚನೆ ಇದರಲ್ಲಿತ್ತು. 1935ರಲ್ಲಿ ಫರ್ಕುಹರ್ಸನ್ ಮತ್ತು ಹೈಮನ್ ಅದೇ ದ್ರವದ ಕಾಂತಗುಣವನ್ನು ಅಳೆದರು. ಒಂಟಿ ಎಲೆಕ್ಟ್ರಾನ್ ಇದ್ದರೆ ಕಾಂತಕ್ಷೇತ್ರ ಅದನ್ನು ಪತ್ತೆ ಹಚ್ಚುತ್ತದೆ. ಅಲ್ಲಿ ಒಂಟಿ ಎಲೆಕ್ಟ್ರಾನ್ ಸಿಗಲಿಲ್ಲ. ಎಲೆಕ್ಟ್ರಾನುಗಳು ಜೋಡಿಯಾಗಿದ್ದವು, ಎರಡು ಕ್ಯಾಡ್ಮಿಯಂಗಳು ಕೈಹಿಡಿದು ಒಂದು ಅಯಾನಾಗಿರುವಂತೆ.

ಮೂರನೆಯ ವಿಧಾನ ಇನ್ನೂ ನೇರ. ಒಂದೇ ದ್ರವಲವಣದ ಎರಡು ಪಾತ್ರೆಗಳು. ಒಂದರಲ್ಲಿ ಕರಗಿದ ಲೋಹ ಕಡಿಮೆ, ಇನ್ನೊಂದರಲ್ಲಿ ಹತ್ತು ಪಟ್ಟು. ಎರಡಕ್ಕೂ ಗ್ರಾಫೈಟ್ ಕಡ್ಡಿ ಇಳಿಸಿ, ನಡುವೆ ಸಂಪರ್ಕ ಕಲ್ಪಿಸಿದರೆ ಅದೇ ಒಂದು ಪುಟ್ಟ ಬ್ಯಾಟರಿ. ನೆರ್ನ್‌ಸ್ಟ್‌ನ ಸೂತ್ರದಂತೆ 727 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪ್ರತಿ ಕಣಕ್ಕೆ ಒಂದು ಎಲೆಕ್ಟ್ರಾನ್ ಕೈ ಬದಲಿಸುವುದಾದರೆ ಸುಮಾರು 198 ಮಿಲಿವೋಲ್ಟ್ ತೋರಿಸಬೇಕು. ಎರಡಾದರೆ ಅದರ ಅರ್ಧ. ಮುಚ್ಚಿದ ಕುಲುಮೆಯೊಳಗೆ ಕಣ್ಣಿಗೆ ಕಾಣದೆ ನಡೆಯುವುದನ್ನು ಹೊರಗಿನ ವೋಲ್ಟ್‌ಮೀಟರ್ ಎಣಿಸಿ ಹೇಳುತ್ತದೆ. ಹೇಳಲು ಸುಲಭ, ಮಾಡಲು ಅಲ್ಲ. ಆ ಬಿಸಿಯಲ್ಲಿ ಕ್ಷಾರಲೋಹ ಗಾಜನ್ನೂ ಪಿಂಗಾಣಿಯನ್ನೂ ತಿನ್ನುತ್ತದೆ. ತೇವದ ಒಂದು ಎಳೆ ಸೇರಿದರೂ ಅಳತೆ ಕೆಡುತ್ತದೆ. ಹಾಗಾಗಿ ಕ್ಷಾರಲೋಹಗಳ ವಿಷಯ, ಎಂದರೆ ಬುನ್ಸೆನ್‌ನ ನೀಲಿಯ ವಿಷಯ, ಕೊನೆಯವರೆಗೂ ಉಳಿದಿತ್ತು.

ಮಗ

1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದರು. ಯಹೂದಿಯೆಂಬ ಕಾರಣಕ್ಕೆ ಗೆಯೋರ್ಗ್ ಬ್ರೆಡಿಗ್‌ನನ್ನು ಪೀಠದಿಂದ ಇಳಿಸಲಾಯಿತು. ಅದೇ ವರ್ಷ ಅವನ ಹೆಂಡತಿ ತೀರಿಕೊಂಡಳು. 1937ರಲ್ಲಿ ಮಗ ಮ್ಯಾಕ್ಸ್ ಅಮೆರಿಕ ಸೇರಿದ. 1938ರ ನವೆಂಬರ್‌ನಲ್ಲಿ ದೇಶದಾದ್ಯಂತ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದಾಗ ಎಪ್ಪತ್ತರ ಗೆಯೋರ್ಗ್‌ನನ್ನು ಬಂಧಿಸಲಾಯಿತು. ಮರುವರ್ಷ ಅವನು ನೆದರ್ಲೆಂಡ್ಸಿಗೆ ದಾಟಿದ. 1940ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಆಹ್ವಾನದಿಂದ ಅಮೆರಿಕ ತಲುಪಿದ. ಮಗಳು ಮತ್ತು ಅಳಿಯ ಫ್ರಾನ್ಸಿನ ಗೂರ್ಸ್ ಶಿಬಿರಕ್ಕೆ ಸಾಗಿಸಲ್ಪಟ್ಟು, ಅಲ್ಲಿಂದ ಹೇಗೋ ಪಾರಾಗಿ ಬಂದರು. ಈ ವರ್ಷಗಳಲ್ಲಿ ಮ್ಯಾಕ್ಸ್‌ನ ಮುಖ್ಯ ಕೆಲಸ ಕಾಗದ ಬರೆಯುವುದು: ಅಪ್ಪನಿಗೆ, ಅಕ್ಕರೆಯವರಿಗೆ, ಸಹೋದ್ಯೋಗಿಗಳಿಗೆ, ಅವರ ಪರವಾಗಿ ಕಚೇರಿಗಳಿಗೆ, ಜಾಮೀನು ಕೊಡಬಲ್ಲವರಿಗೆ. ಕೆಲವರನ್ನು ಆ ಕಾಗದಗಳು ಉಳಿಸಿದವು, ಕೆಲವರನ್ನು ಉಳಿಸಲಾಗಲಿಲ್ಲ. ಗೆಯೋರ್ಗ್ ಬ್ರೆಡಿಗ್ 1944ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ.

ಯುದ್ಧ ಮುಗಿದ ಮೇಲೆ ಮ್ಯಾಕ್ಸ್ ಬ್ರೆಡಿಗ್ ಟೆನೆಸ್ಸಿಯ ಓಕ್ ರಿಜ್ ಪ್ರಯೋಗಾಲಯ ಸೇರಿದ. ಅಣುಬಾಂಬಿನ ಯುರೇನಿಯಂ ತಯಾರಿಗಾಗಿ ಕಟ್ಟಿದ ಊರು ಅದು. ಶಾಂತಿಕಾಲದಲ್ಲಿ ಅಲ್ಲಿ ದ್ರವಲವಣಗಳೇ ಇಂಧನವಾದ ರಿಯಾಕ್ಟರುಗಳ ಕೆಲಸ ನಡೆಯುತ್ತಿತ್ತು. 1954ರ ನವೆಂಬರ್‌ನಲ್ಲಿ ಅಂಥ ಮೊದಲ ರಿಯಾಕ್ಟರ್ ಓಡಿತು. ಲೋಹ ಮತ್ತು ಉಪ್ಪು ಕೆಂಡದ ಬಿಸಿಯಲ್ಲಿ ಹೇಗೆ ಬೆರೆಯುತ್ತವೆ ಎಂಬ ಹಳೆಯ ಪ್ರಶ್ನೆಗೆ ಈಗ ಹಣವೂ ಸಲಕರಣೆಯೂ ಇದ್ದವು.

1955ರಿಂದ ಮ್ಯಾಕ್ಸ್ ಮತ್ತು ಸಂಗಡಿಗರು ಕ್ಷಾರಲೋಹಗಳು ತಮ್ಮದೇ ಉಪ್ಪುಗಳಲ್ಲಿ ಬೆರೆಯುವುದನ್ನು ಒಂದೊಂದಾಗಿ ಅಳೆದು ಪ್ರಕಟಿಸತೊಡಗಿದರು. ಫಲಿತಾಂಶದಲ್ಲಿ ಒಂದು ಕ್ರಮವಿತ್ತು. ಸೋಡಿಯಂ ಮತ್ತು ಅಡುಗೆ ಉಪ್ಪು ಯಾವ ಪ್ರಮಾಣದಲ್ಲಾದರೂ ಒಂದಾಗಬೇಕಾದರೆ ಸುಮಾರು 1080 ಡಿಗ್ರಿ ಬೇಕು. ಪೊಟ್ಯಾಸಿಯಂಗೆ ಮತ್ತು ಅದರ ಕ್ಲೋರೈಡಿಗೆ ಸುಮಾರು 790 ಸಾಕು. ಸೀಸಿಯಂಗಂತೂ ಅಡ್ಡಿಯೇ ಇಲ್ಲ. ಉಪ್ಪು ದ್ರವವಾಗುವ ಬಿಸಿಯಲ್ಲೇ ಎರಡೂ ಹಾಲು ನೀರಿನಂತೆ ಬೇರೆಯೆಂದು ತಿಳಿಯದಷ್ಟು ಕೂಡಿಕೊಳ್ಳುತ್ತವೆ. ಹೀಗೆ ಖಚಿತ ಬಿಸಿಗೆ ಖಚಿತ ಪ್ರಮಾಣದಲ್ಲಿ ಬೆರೆತು, ಬಿಸಿ ಇಳಿದಾಗ ಅದೇ ಗೆರೆಯಲ್ಲಿ ಬೇರ್ಪಡುವುದು ದ್ರಾವಣದ ನಡವಳಿಕೆ, ಕಲಿಲದ್ದಲ್ಲ. ಬುನ್ಸೆನ್ ತನ್ನ ಸೀಸಿಯಂ ಲೋಹವನ್ನು ಕಾಣದೇ ಹೋದದ್ದರಲ್ಲಿ ಅಚ್ಚರಿಯಿಲ್ಲ. ಹುಟ್ಟಿದ ಲೋಹವನ್ನೆಲ್ಲ ಉಪ್ಪು ಆಗಲೇ ತನ್ನೊಳಗೆ ಸೇರಿಸಿಕೊಂಡಿತ್ತು. ಅವನು ನೋಡಿದ್ದು ಆರಿದ ಮೇಲಿನ ನೀಲಿ.

1958ರಲ್ಲಿ ಬ್ರಾನ್‌ಸ್ಟೈನ್ ಜೊತೆ ಮ್ಯಾಕ್ಸ್ ವಾಹಕತೆಯ ಅಳತೆಗಳನ್ನು ಪ್ರಕಟಿಸಿದ. ಇಲ್ಲಿ ಕ್ಯಾಡ್ಮಿಯಂಗೆ ತದ್ವಿರುದ್ಧ: ಪೊಟ್ಯಾಸಿಯಂ ಸೇರಿದಂತೆ ವಾಹಕತೆ ಕಡಿದಾಗಿ ಏರುತ್ತದೆ. ಲೋಹದ ಪರಮಾಣು ತನ್ನ ಎಲೆಕ್ಟ್ರಾನನ್ನು ದ್ರವಕ್ಕೆ ಬಿಟ್ಟುಕೊಟ್ಟು ತಾನು ಉಪ್ಪಿನಲ್ಲಿರುವ ಉಳಿದ ಅಯಾನುಗಳಂತೆಯೇ ಆಗಿಬಿಡುತ್ತದೆ. ಕರಗಿರುವುದು ಅರ್ಥದಲ್ಲಿ ಬರೀ ಎಲೆಕ್ಟ್ರಾನ್. ಸೋಡಿಯಂನಲ್ಲಿ ಏರಿಕೆ ಅಷ್ಟಿಲ್ಲ. ಅಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುವ ಒಲವು ಹೆಚ್ಚು ಎಂದು ಅವರು ವಿವರಿಸಿದರು.

ಇದನ್ನು ‘ಮಗ ಅಪ್ಪನನ್ನು ಸುಳ್ಳಾಗಿಸಿದ’ ಎಂದು ಹೇಳಿದರೆ ಕತೆ ಚುರುಕಾಗುತ್ತದೆ, ಆದರೆ ಅದು ನಿಜವಲ್ಲ. ಅಪ್ಪನ ಚಿನ್ನದ ಕಲಿಲ ಅಂದೂ ಕಲಿಲ, ಇಂದೂ ಕಲಿಲ. ತಪ್ಪಿದ್ದು, ಒಂದು ಕಡೆ ಸರಿಯಾದ ವಿವರಣೆಯನ್ನು ಇನ್ನೊಂದು ಕಡೆಗೂ ಹೊತ್ತೊಯ್ದದ್ದು. ಲೊರೆಂಜ್‌ನ ಅಳತೆಗಳಲ್ಲೂ ಲೋಪವಿರಲಿಲ್ಲ. ಅವನು ಇಟ್ಟ ಹೆಸರು ಮಾತ್ರ ನಿಲ್ಲಲಿಲ್ಲ. ಮ್ಯಾಕ್ಸ್ ಕೂಡ ಒಬ್ಬನೇ ತೀರ್ಪು ಕೊಟ್ಟವನಲ್ಲ. 1961ರಲ್ಲಿ ಜಾನ್ ಕಾರ್ಬೆಟ್ ಮತ್ತು ಸಂಗಡಿಗರು ಕೈಹಿಡಿದ ಎರಡು ಕ್ಯಾಡ್ಮಿಯಂಗಳ ಅಯಾನನ್ನು ಒಂದು ಘನಸಂಯುಕ್ತದಲ್ಲಿ ಹಿಡಿದು ತೋರಿಸಿದರು. ಅದೇ ವರ್ಷ ಟೋಪೋಲ್, ಯೋಸಿಮ್ ಮತ್ತು ಓಸ್ಟರ್‌ಯಂಗ್ ಮೇಲೆ ಹೇಳಿದಂಥ ವೋಲ್ಟೇಜ್ ಅಳತೆಯಿಂದ ಬಿಸ್ಮತ್ ಕ್ಲೋರೈಡಿನಲ್ಲಿ ಕರಗಿದ ಬಿಸ್ಮತ್‌ನ ಲೆಕ್ಕ ತೆಗೆದರು.

ಸೋರಿಕೆಯ ಬೆಲೆ

ಇದೆಲ್ಲ ಪ್ರಯೋಗಾಲಯದ ಕುತೂಹಲ ಮಾತ್ರವಲ್ಲ. ನಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಹುಟ್ಟುವುದು ದ್ರವಲವಣದಲ್ಲೇ. ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ತಯಾರಾಗುವಂಥ ಅಲ್ಯೂಮಿನಾ ಪುಡಿಯನ್ನು ಸುಮಾರು 960 ಡಿಗ್ರಿಯ ದ್ರವ ಕ್ರಯೊಲೈಟಿನಲ್ಲಿ ಕರಗಿಸಿ ವಿದ್ಯುತ್ ಹರಿಸಬೇಕು. ಹಾಲ್ ಮತ್ತು ಎರೂ ಎಂಬ ಇಬ್ಬರು 1886ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ದಾರಿ ಅದು. ಹುಟ್ಟಿದ ಅಲ್ಯೂಮಿನಿಯಂನಲ್ಲಿ ಅತ್ಯಲ್ಪ ಭಾಗ ಕ್ರಯೊಲೈಟಿನಲ್ಲಿ ಕರಗುತ್ತದೆ, ಸಾವಿರಕ್ಕೆ ಒಂದರಷ್ಟು. ಅಷ್ಟೇ ಸಾಕು. ಕರಗಿದ್ದು ಮೇಲಕ್ಕೆ ಸಾಗಿ ಇಂಗಾಲದ ಡೈಆಕ್ಸೈಡನ್ನು ಸಂಧಿಸಿ ಮತ್ತೆ ಅಲ್ಯೂಮಿನಾ ಆಗುತ್ತದೆ; ತೆರವಾದ ಜಾಗಕ್ಕೆ ಇನ್ನಷ್ಟು ಲೋಹ ಕರಗುತ್ತದೆ. ಒಂದು ಕಿಲೋ ಅಲ್ಯೂಮಿನಿಯಂಗೆ 13ರಿಂದ 15 ಯೂನಿಟ್ ವಿದ್ಯುತ್ ಹಿಡಿಯುವ ಉದ್ಯಮದಲ್ಲಿ, ಅತ್ಯುತ್ತಮ ಕುಲುಮೆಗಳಲ್ಲೂ ನೂರಕ್ಕೆ ಐದರಷ್ಟು ವಿದ್ಯುತ್ ಹೆಚ್ಚಾಗಿ ಈ ದಾರಿಯಲ್ಲೇ ವ್ಯರ್ಥವಾಗುತ್ತದೆ. ಲೊರೆಂಜ್ ಜ್ಯೂರಿಕ್‌ನಲ್ಲಿ ತೂಗಿ ಕಂಡ ಸೋರಿಕೆ ಇದೇ.

ಕರಗಿದ ಆ ಒಂಟಿ ಎಲೆಕ್ಟ್ರಾನ್ ದ್ರವದಲ್ಲಿ ಎಲ್ಲಿರುತ್ತದೆ ಎಂಬುದನ್ನು ಚಿತ್ರಿಸಿದವರಲ್ಲಿ ಒಬ್ಬರು ನಮ್ಮ ನೆರೆಯವರು. ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸಿ, ಅಮೆರಿಕಕ್ಕೆ ಹೋದ ಅನೀಸುರ್ ರಹಮಾನ್ ಅವರು ಪರಿನೆಲ್ಲೊ ಜೊತೆ 1984ರಲ್ಲಿ ದ್ರವ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಒಂದು ಎಲೆಕ್ಟ್ರಾನನ್ನು ಕಂಪ್ಯೂಟರಿನಲ್ಲಿ ರೂಪಿಸಿ ನೋಡಿದರು. ಪೊಟ್ಯಾಸಿಯಂ ಅಯಾನುಗಳು ಸುತ್ತುವರಿದ ಒಂದು ಪುಟ್ಟ ಪೊಟರೆಯಲ್ಲಿ, ಕ್ಲೋರೈಡ್ ಇರಬೇಕಾದ ಜಾಗದಲ್ಲಿ, ಅದು ನೆಲೆಸಿತ್ತು.

ಬ್ರೆಡಿಗ್ ಮನೆತನದ ಕಾಗದಪತ್ರಗಳು ಯುದ್ಧಕಾಲವನ್ನು ನೆದರ್ಲೆಂಡ್ಸಿನಲ್ಲಿ ಅಡಗಿ ಕಳೆದು ಮ್ಯಾಕ್ಸ್‌ನ ಕೈ ಸೇರಿದವು. 2019ರಲ್ಲಿ ಅವು ಫಿಲಡೆಲ್ಫಿಯಾದ ವಿಜ್ಞಾನ ಇತಿಹಾಸ ಸಂಸ್ಥೆಗೆ ಬಂದವು. ಆ ಪೆಟ್ಟಿಗೆಗಳಲ್ಲಿ ಓಸ್ಟ್‌ವಾಲ್ಡ್, ಅರ್ಹೀನಿಯಸ್‌ರಂಥವರ ವಿಜ್ಞಾನದ ಕಾಗದಗಳ ಜೊತೆಗೆ, ವೀಸಾಕ್ಕಾಗಿ ಅಂಗಲಾಚಿದ ಕಾಗದಗಳೂ ಇವೆ. ಇತ್ತ ಜರ್ಮನಿಯಲ್ಲಿ, ಗೆಯೋರ್ಗ್ ಬ್ರೆಡಿಗ್‌ನನ್ನು ಹೊರಹಾಕಿದ ಕಾರ್ಲ್ಸ್‌ರೂಹೆಯ ವಿಶ್ವವಿದ್ಯಾಲಯದಲ್ಲೇ, ದಶಕಗಳ ನಂತರ ವೆರ್ನರ್ ಫ್ರೈಲಾಂಟ್ ಎಂಬ ಭೌತರಸಾಯನಜ್ಞ ದ್ರವಲವಣದಲ್ಲಿ ಕರಗಿದ ಲೋಹಗಳ ಅಧ್ಯಯನವನ್ನು ಕೈಗೆತ್ತಿಕೊಂಡ. ಆ ಅಧ್ಯಯನದ ತಳಹದಿಯಲ್ಲಿ ಓಕ್ ರಿಜ್‌ನ ಅಳತೆಗಳಿದ್ದವು. ಅಪ್ಪನನ್ನು ಕಳುಹಿಸಿದ ಊರಿಗೆ ಮಗನ ಅಂಕಿಗಳು ಹಾಗೆ ಮರಳಿದವು.

ಪಠ್ಯಪುಸ್ತಕದಲ್ಲಿ ಬ್ರೆಡಿಗ್‌ಗೆ ಸಿಗುತ್ತಿದ್ದುದು ನಾಲ್ಕು ಸಾಲು. ಇನ್ನು ಮುಂದೆ ಆ ಚಿತ್ರ ಕಂಡಾಗ ಕಿಡಿ ಹಾರುವ ಎರಡು ತಂತಿಗಳ ಜೊತೆ, ಎಪ್ಪತ್ತು ದಾಟಿದ ಮೇಲೆ ಪುಸ್ತಕ ಪತ್ರಗಳನ್ನು ಗಂಟು ಕಟ್ಟಿ ಊರು ಬಿಟ್ಟ ಒಬ್ಬ ಮೇಷ್ಟರೂ ನೆನಪಿಗೆ ಬಂದರೆ ಒಳ್ಳೆಯದು.